ಸೊನ್ನೆಯ ಕೆಳಗಿನ ಮುಳ್ಳು

ಬೂಸ್ಟ್ ಗೇಜ್ ಹಾಕಿಸಿದ ಮಾತ್ರಕ್ಕೆ ಕಾರಿನ ಶಕ್ತಿ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಮೈಲೇಜೂ ತಾನಾಗಿ ಏರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಗುಂಡು ಮೀಟರು ಬಂದು ಕೂರುತ್ತದೆ, ಅಷ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಚಿಕ್ಕಮಗಳೂರಿನಲ್ಲಿ ನನ್ನ ಕಾರಿನೊಳಗೆ ಇಣುಕಿದವರೆಲ್ಲ ಕೇಳುವ ಮೊದಲ ಪ್ರಶ್ನೆ, "ಇದರಿಂದ ಪಿಕಪ್ ಜಾಸ್ತಿ ಆಯಿತೇ?" ಎಂಬುದು. ಆಗಲಿಲ್ಲ. ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿ ಒತ್ತುವ ಕೆಲಸ ಟರ್ಬೊ ಎಂಬ ಫ್ಯಾನಿನದ್ದು; ಆ ಒತ್ತಡವೇ ಬೂಸ್ಟು. ಎಷ್ಟು ಒತ್ತಿದೆ ಎಂದು ಹೇಳುವುದಷ್ಟೇ ಗೇಜಿನ ಕೆಲಸ.

ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ ಫಿಯೆಟ್ ಲಿನಿಯಾ ಟಿ-ಜೆಟ್. 1368 ಸಿಸಿಯ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಜೋಡಿಸಿ 2010ರಲ್ಲಿ ನಮ್ಮ ಮಾರುಕಟ್ಟೆಗೆ ಬಿಟ್ಟಿದ್ದ ಕಾರು. ಇದರ ಬಗ್ಗೆ ಮಾತನಾಡುವವರು ಕಡಿಮೆ, ಮಾತು ಶುರು ಮಾಡಿದರೆ ನಿಲ್ಲಿಸುವವರು ಇನ್ನೂ ಕಡಿಮೆ. ವೇಗ, ಆರ್‌ಪಿಎಂ, ಎಂಜಿನ್ ಬಿಸಿ, ಪೆಟ್ರೋಲ್ ಎಲ್ಲಕ್ಕೂ ಮುಳ್ಳುಗಳಿವೆ. ಇಡೀ ಕಾರಿಗೆ ಹೆಸರು ತಂದುಕೊಟ್ಟ ಟರ್ಬೊ ಮಾತ್ರ ಏನು ಮಾಡುತ್ತಿದೆ ಎಂದು ತಿಳಿಯುವ ದಾರಿಯಿಲ್ಲ. ಕೈಮರದಿಂದ ಮೇಲಕ್ಕೆ ಮುಳ್ಳಯ್ಯನಗಿರಿಯ ರಸ್ತೆ ಹತ್ತುವಾಗಲೆಲ್ಲ ನನಗೆ ಇದೇ ಕೊರಗು. ಮನೆಯಲ್ಲಿ ವಿಷಯ ತೆಗೆದಾಗ ಬಂದ ಉತ್ತರ, "ಇರುವ ನಾಲ್ಕು ಮುಳ್ಳು ಸಾಲದೇನು ನಿಮಗೆ?" ಸಾಲದು ಎಂದೇ ತೀರ್ಮಾನಿಸಿದೆ.

ಗೇಜುಗಳಲ್ಲಿ ಎರಡು ಜಾತಿ. ಒಂದು ಮೆಕ್ಯಾನಿಕಲ್. ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಒಂದು ಸಣ್ಣ ಹೋಸ್ ಎಳೆದು ನೇರವಾಗಿ ಮೀಟರಿನ ಬೆನ್ನಿಗೆ ಸಿಕ್ಕಿಸುವುದು. ಒಳಗೆ ಅರ್ಧಚಂದ್ರಾಕಾರಕ್ಕೆ ಬಾಗಿಸಿದ ಚಪ್ಪಟೆ ಲೋಹದ ಕೊಳವೆ ಇರುತ್ತದೆ. ಒತ್ತಡ ಏರಿದರೆ ಅದು ನೆಟ್ಟಗಾಗಲು ನೋಡುತ್ತದೆ, ಇಳಿದರೆ ಇನ್ನಷ್ಟು ಬಾಗುತ್ತದೆ; ಆ ಅಲುಗಾಟವೇ ಹಲ್ಲುಚಕ್ರಗಳ ಮೂಲಕ ಮುಳ್ಳಿಗೆ ಹೋಗುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ನಮ್ಮ ತೋಟಗಳಲ್ಲಿ ಬೋರ್ಡೋ ದ್ರಾವಣ ಹೊಡೆಯುವ ಪಂಪಿನ ಮೇಲಿನ ಮೀಟರು ಕೂಡ ಇದೇ ವಂಶದ್ದು. ವಿದ್ಯುತ್ತು ಬೇಕಾಗಿಲ್ಲ, ಬೆಲೆ ಕಡಿಮೆ, ಕೆಡುವುದೂ ಅಪರೂಪ.

ಆದರೂ ನಾನು ಎರಡನೇ ಜಾತಿಯದನ್ನೇ ಆರಿಸಿದೆ. ಎಲೆಕ್ಟ್ರಾನಿಕ್ ಗೇಜಿನಲ್ಲಿ ಹೋಸ್ ಬಾನೆಟ್ಟಿನ ಒಳಗಿರುವ ಸೆನ್ಸಾರಿಗೇ ಮುಗಿಯುತ್ತದೆ; ಕ್ಯಾಬಿನ್ನಿಗೆ ಬರುವುದು ತಂತಿ ಮಾತ್ರ. ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಸೇರಿದ ಹೋಸ್ ನನ್ನ ಮೊಣಕಾಲಿನ ಮೇಲೆ ಹಾದುಹೋಗುವುದು, ಯಾವತ್ತೋ ಒಂದು ದಿನ ಅದು ಸೀಳುವುದು, ಎಣ್ಣೆಯ ಪಸೆ, ಪೆಟ್ರೋಲ್ ವಾಸನೆ ಕಾರಿನೊಳಗೆ ತುಂಬುವುದು ಇವೆಲ್ಲ ನನಗೆ ಬೇಡವಾಗಿತ್ತು. ಬೆಲೆಯಲ್ಲಿ ಸಾಕಷ್ಟು ವ್ಯತ್ಯಾಸವಿತ್ತು, ಕೊಟ್ಟೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂತು. 52 ಮಿಲಿಮೀಟರ್ ಅಗಲದ ಮುಖ. ಬಹುತೇಕ ಗೇಜುಗಳಿಗೆ ಇದೇ ಅಳತೆ. ಅಂಕಿಗಳು ಮೈನಸ್ 1ರಿಂದ ಪ್ಲಸ್ 2 ಬಾರ್‌ವರೆಗೆ. ಟೈರಿನ ಲೆಕ್ಕದಲ್ಲಿ ಯೋಚಿಸುವವರಿಗೆ ಹೇಳುವುದಾದರೆ 1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ.

ಕೊಳ್ಳುವಾಗ ಅಂಗಡಿಯವನನ್ನು ಕಾಡಿಸಿ ಕೇಳಿದ್ದು ಒಂದೇ ವಿಷಯ: ಸೆನ್ಸಾರು ಸೊನ್ನೆಯನ್ನು ಹೇಗೆ ಗುರುತಿಸುತ್ತದೆ? ಕೆಲವು ಗೇಜುಗಳು ಇಗ್ನಿಷನ್ ಆನ್ ಮಾಡಿದ ಕ್ಷಣ ಆ ಜಾಗದ ಗಾಳಿಯ ಒತ್ತಡವನ್ನು ಅಳೆದು ಅದನ್ನೇ ಸೊನ್ನೆ ಎಂದು ನೆನಪಿಟ್ಟುಕೊಳ್ಳುತ್ತವೆ. ಬಯಲುಸೀಮೆಯಲ್ಲಿ ಇದರಿಂದ ತೊಂದರೆಯಿಲ್ಲ. ಚಿಕ್ಕಮಗಳೂರಿನಲ್ಲಿ ಸ್ಟಾರ್ಟ್ ಮಾಡಿ, ನಡುವೆ ಎಲ್ಲೂ ಆಫ್ ಮಾಡದೆ ಚಾರ್ಮಾಡಿ ಘಾಟಿ ಇಳಿದರೆ ಮಾತ್ರ, ಕೆಳಗೆ ಗಾಳಿಯ ಒತ್ತಡ ಹೆಚ್ಚಿರುವುದರಿಂದ, ಆ ಸೊನ್ನೆ ಸೊನ್ನೆಯಾಗಿ ಉಳಿದಿರುವುದಿಲ್ಲ. ಇನ್ನು ಕೆಲವು ಸೆನ್ಸಾರುಗಳ ಒಂದು ಬದಿ ಹೋಸಿಗೆ, ಇನ್ನೊಂದು ಬದಿ ಹೊರಗಿನ ಗಾಳಿಗೆ ತೆರೆದಿರುತ್ತದೆ. ಎಲ್ಲಿಗೆ ಹೋದರೂ ಅಲ್ಲಿಯ ಗಾಳಿಯೇ ಸೊನ್ನೆ. ನನಗೆ ಬೇಕಿದ್ದುದು ಇದು. ಅಂಗಡಿಯವನು "ಎಲ್ಲಾ ಒಂದೇ ಸಾರ್" ಎಂದ. ಒಂದೇ ಅಲ್ಲ. ಕಾಗದ ನೋಡಿಯೇ ದುಡ್ಡು ಕೊಟ್ಟೆ.

ಕೂರಿಸುವ ಜಾಗದ ಬಗ್ಗೆಯೂ ನನಗೆ ಹಟವಿತ್ತು. ವಿಡಿಯೊಗಳಲ್ಲಿ ಎಲ್ಲರೂ ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಮೀಟರು ಅಂಟಿಸುತ್ತಾರೆ. ನೋಡಲು ಚೆನ್ನ. ಆದರೆ ಬಲಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಬಲಕ್ಕೆ ತಿರುಗುವ ಪ್ರತಿ ಹೇರ್‌ಪಿನ್ನಿನಲ್ಲೂ ಆ ಕಂಬವೇ ಎದುರು ಬರುವ ಬಸ್ಸನ್ನು ಮುಚ್ಚುತ್ತದೆ. ಅದಕ್ಕೆ ಇನ್ನೊಂದು ಗುಬುಟು ಸೇರಿಸುವುದು ಘಾಟಿಯಲ್ಲಿ ಓಡಿಸುವವನು ಮಾಡುವ ಕೆಲಸವಲ್ಲ. ಪಕ್ಕದ ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಂತೂ ಅದು ಚಾವಣಿಯ ಅಂಚಿನಿಂದ, ಆ ಕಂಬದ ಒಳಗಿಂದಲೂ ಬಿಚ್ಚಿಕೊಳ್ಳುತ್ತದೆ. ಎದುರಿಗಿದ್ದ ಮೀಟರು ಮುಖಕ್ಕೆ ಹಾರಬಹುದು. ಆದ್ದರಿಂದ ಸ್ಟಿಯರಿಂಗಿನ ಬಲಕ್ಕಿರುವ ಎ.ಸಿ. ಗಾಳಿಕಿಂಡಿಯ ಮುಂದೆ, ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೂರಿಸಿದೆ. ಒಂದು ಕಿಂಡಿಯ ತಂಗಾಳಿ ಹೋಯಿತು. ನಮ್ಮ ಊರಿನಲ್ಲಿ ಅದೇನು ದೊಡ್ಡ ನಷ್ಟವಲ್ಲ.

ಗ್ಯಾರೇಜು ಬೇಲೂರು ರಸ್ತೆಯ ಕಡೆಯದು. ಮೇಸ್ತ್ರಿಗೆ ಟರ್ಬೊ ಹೊಸದಲ್ಲ. ತೋಟದ ಜೀಪು, ಪಿಕಪ್ಪು, ಕಾಫಿ ಹೇರುವ ಲಾರಿ ಎಲ್ಲದರ ಟರ್ಬೊ ಬಿಚ್ಚಿ ಕಟ್ಟಿದ ಕೈ ಅದು. ಆದರೆ ಅವೆಲ್ಲ ಡೀಸೆಲ್. ಬಾನೆಟ್ ಎತ್ತಿ ಒಮ್ಮೆ ಕಣ್ಣಾಡಿಸಿ, "ಎಲ್ಲಿಂದ ಲೈನ್ ತೆಗೆಯೋಣ ಸಾರ್? ಬ್ರೇಕ್ ಬೂಸ್ಟರಿನ ಹೋಸ್ ದಪ್ಪಗಿದೆ, ಅದಕ್ಕೇ ಟಿ ಹಾಕಿಬಿಡೋಣ" ಎಂದ. ಬ್ರೇಕ್ ಬೂಸ್ಟರ್ ಎಂದರೆ ಎಂಜಿನ್ನಿನ ಸೆಳೆತ ಬಳಸಿ ಬ್ರೇಕ್ ಪೆಡಲನ್ನು ಹಗುರ ಮಾಡುವ ಡಬ್ಬಿ; ಟಿ ಎಂದರೆ ಹೋಸಿನ ನಡುವೆ ಸೇರಿಸಿ ಕವಲು ತೆಗೆಯುವ ಮೂರು ಬಾಯಿಯ ತುಂಡು.

"ಅದೊಂದು ಬೇಡ ಮೇಸ್ತ್ರಿ. ನಾಳೆ ಟಿ ಬಿಚ್ಚಿಕೊಂಡರೆ ಬ್ರೇಕ್ ಪೆಡಲು ಕಲ್ಲಾಗುತ್ತದೆ."

"ಬಿಚ್ಚಿಕೊಳ್ಳುವ ಹಾಗೆ ನಾನು ಹಾಕುವುದಿಲ್ಲ."

"ನೀವು ಹಾಕುವುದಿಲ್ಲ, ಗೊತ್ತು. ಅದರೊಳಗೆ ಒಂದು ವನ್‌ವೇ ವಾಲ್ವ್ ಇದೆಯಲ್ಲ?"

ಅಲ್ಲಿಗೆ ಅವನಿಗೆ ಅರ್ಥವಾಯಿತು. ಬೂಸ್ಟರಿನ ಹೋಸಿನಲ್ಲಿ ಗಾಳಿಯನ್ನು ಒಂದೇ ಕಡೆಗೆ ಬಿಡುವ ವಾಲ್ವ್ ಇರುತ್ತದೆ. ಎಂಜಿನ್ ನಿಂತರೂ ಒಂದೆರಡು ಬಾರಿ ಬ್ರೇಕ್ ಹಿಡಿಯುವಷ್ಟು ವ್ಯಾಕ್ಯೂಮ್, ಅಂದರೆ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ, ಉಳಿಯಲಿ ಎಂದು. ಆ ವಾಲ್ವಿನ ಆಚೆ, ಬೂಸ್ಟರಿನ ಕಡೆಗೆ, ಟಿ ಹಾಕಿದರೆ ಮುಳ್ಳು ಕೆಳಗೆ ಇಳಿದದ್ದು ಅಲ್ಲೇ ಅಂಟಿಕೊಳ್ಳುತ್ತದೆ, ಮೇಲಿನ ಬೂಸ್ಟು ಕಾಣುವುದೇ ಇಲ್ಲ. ಈಚೆ ಹಾಕಬಹುದು, ಆದರೆ ಬ್ರೇಕಿನ ದಾರಿಯಲ್ಲಿ ನನ್ನ ಶೋಕಿಯ ಸಾಮಾನು ಇರಬಾರದು ಎಂಬುದು ನನ್ನ ನಿಯಮ. ಕೊನೆಗೆ, ಎಕ್ಸಲರೇಟರ್ ಒತ್ತಿದಂತೆ ಗಾಳಿಯ ದಾರಿ ತೆರೆಯುವ ಥ್ರಾಟಲ್ ದಾಟಿದ ಮೇಲೆ ಮ್ಯಾನಿಫೋಲ್ಡಿನಿಂದ ಹೊರಡುವ ಒಂದು ತೆಳ್ಳಗಿನ ರಬ್ಬರ್ ಹೋಸ್ ಹುಡುಕಿಕೊಂಡೆವು. ಒಳಗಿನ ವ್ಯಾಸ 4 ಮಿಲಿಮೀಟರಿನ ಆಸುಪಾಸು. ಕಿಟ್ಟಿನ ಜೊತೆ ಬಂದಿದ್ದ ಟಿ 6 ಮಿಲಿಮೀಟರಿನದು.

ಹುಡುಗ ಓಡಿಹೋಗಿ ಹನಿ ನೀರಾವರಿ ಸಾಮಾನಿನ ಅಂಗಡಿಯಿಂದ ಒಂದು ಕಪ್ಪು ಪ್ಲಾಸ್ಟಿಕ್ ಟಿ ತಂದ. ಅಳತೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಅಡಿಕೆ ಬುಡಕ್ಕೆ ನೀರು ಬಿಡಲು ಮಾಡಿದ್ದನ್ನು ಎಂಜಿನ್ನಿನ ಬಿಸಿಯಲ್ಲಿ ಇಟ್ಟರೆ ಎಷ್ಟು ದಿನ ತಡೆದೀತು? ಮೆತ್ತಗಾಗಿ ಜಾರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಐಡ್ಲಿಂಗ್ ಏರಿಳಿಯುತ್ತದೆ, ಚೆಕ್ ಎಂಜಿನ್ ದೀಪ ಹೊತ್ತುತ್ತದೆ. ಮೇಸ್ತ್ರಿಯೇ ತಲೆಯಾಡಿಸಿ, "ಆಚಾರರ ಹತ್ತಿರ ಹಿತ್ತಾಳೆಯಲ್ಲಿ ಮಾಡಿಸಿಬಿಡಿ" ಎಂದು ದಾರಿ ತೋರಿಸಿದ.

ಆಚಾರರ ಲೇತ್ ಅಂಗಡಿಯಲ್ಲಿ ಸುಗ್ಗಿಗೆ ಮುಂಚಿನ ಕೆಲಸ ರಾಶಿ ಬಿದ್ದಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಶಾಫ್ಟುಗಳು, ಸವೆದ ಬುಷ್‌ಗಳು, ಸ್ಪ್ರೇ ಗನ್ನಿನ ನಾಜಲ್‌ಗಳು. ನನ್ನ ಹೋಸಿನ ತುಂಡನ್ನು ಬೆರಳಲ್ಲಿ ಹಿಚುಕಿ ನೋಡಿ, ವರ್ನಿಯರ್ ಇಟ್ಟು, ಗೋಡೆಗೆ ಒರಗಿಸಿದ್ದ ಹಿತ್ತಾಳೆ ಸಲಾಕೆಯಿಂದ ಒಂದು ಗೇಣು ಕೊಯ್ದರು. ಹಿತ್ತಾಳೆ ಉಕ್ಕಿನ ಹಾಗೆ ಉದ್ದುದ್ದ ಸುರುಳಿ ಬಿಡುವುದಿಲ್ಲ, ಹುರಿದ ರವೆಯಂತೆ ಚಿಮ್ಮಿ ಕೈಗೆ ಬಡಿಯುತ್ತದೆ. ಎರಡು ತುದಿಗಳನ್ನೂ ಹೋಸಿಗಿಂತ ಅರ್ಧ ಮಿಲಿಮೀಟರು ಹೆಚ್ಚೇ ಬಿಟ್ಟು ಸಣ್ಣಗೆ ಇಳಿಸಿ, ತುದಿಗೆ ಒಂದೊಂದು ಏಣು ಉಳಿಸಿದರು. ಹೋಸ್ ಒಮ್ಮೆ ಹತ್ತಿದರೆ ಹಿಂದಕ್ಕೆ ಜಾರಬಾರದು. ಉದ್ದಕ್ಕೂ ತೂತು ಕೊರೆದ ಮೇಲೆ ಪಕ್ಕದ ಕವಲಿಗೆ 1 ಮಿಲಿಮೀಟರಿನ ಡ್ರಿಲ್ ಕೇಳಿದೆ.

ಆಚಾರರು ಕನ್ನಡಕದ ಮೇಲಿಂದ ನೋಡಿದರು. "ಇಷ್ಟು ಸಣ್ಣ ತೂತಿನಲ್ಲಿ ಏನು ಹರಿಯುತ್ತದೆ ಸ್ವಾಮಿ?"

"ಏನೂ ಹರಿಯಬೇಕಾಗಿಲ್ಲ ಆಚಾರರೇ. ಆ ಕಡೆ ಮುಚ್ಚಿದ ದಾರಿ. ಒತ್ತಡ ಮುಟ್ಟಿದರೆ ಸಾಕು."

"ಹಾಗಿದ್ದರೆ ಸರಿ" ಎಂದು ಕೊರೆದರು. ಸಣ್ಣ ತೂತಿಗೆ ಕಾರಣವಿದೆ. ಪ್ರತಿ ಸಿಲಿಂಡರು ಗಾಳಿ ಎಳೆದಾಗಲೂ ಮ್ಯಾನಿಫೋಲ್ಡಿನ ಒತ್ತಡ ಒಂದು ಸಲ ಮಿಡಿಯುತ್ತದೆ. ದೊಡ್ಡ ದಾರಿ ಬಿಟ್ಟರೆ ಆ ಮಿಡಿತವೆಲ್ಲ ಸೆನ್ಸಾರಿಗೆ ತಲುಪಿ ಮುಳ್ಳು ನಡುಗುತ್ತದೆ. ಕಿರಿದಾದ ಕಂಡಿ ಅದನ್ನು ತಗ್ಗಿಸುತ್ತದೆ. ಇನ್ನೊಂದು ಲಾಭವೂ ಉಂಟು: ಸೆನ್ಸಾರಿನ ಕಡೆಯ ಹೋಸ್ ಎಲ್ಲಾದರೂ ಕಳಚಿದರೆ ಒಳನುಗ್ಗುವ ಗಾಳಿ ಆ 1 ಮಿಲಿಮೀಟರಿನಷ್ಟೇ. ಕವಲಿನ ಕೊಳವೆಯನ್ನು ಬೆಳ್ಳಿ ಬೆಸುಗೆಯಲ್ಲಿ ಕೂರಿಸಿ, ನೀರಿಗೆ ಅದ್ದಿ, ಬಾಯಿಂದ ಊದಿ ನೋಡಿ ಕೈಗಿಟ್ಟರು. ಬೆಂಗಳೂರಿನಿಂದ ಬಂದ ಇಡೀ ಕಿಟ್ಟಿನಲ್ಲಿ ಇಷ್ಟು ಅಚ್ಚುಕಟ್ಟಾದ ವಸ್ತು ಇನ್ನೊಂದಿರಲಿಲ್ಲ.

ಹೋಸ್ ಕತ್ತರಿಸಿ ಟಿ ಸೇರಿಸುವುದು ಐದು ನಿಮಿಷದ ಕೆಲಸ. ಸೆನ್ಸಾರನ್ನು ಎಂಜಿನ್ನಿಗೆ ತಾಗದಂತೆ ಹಿಂದಿನ ತಗಡಿನ ಗೋಡೆಗೆ, ಟಿಗಿಂತ ಎತ್ತರದಲ್ಲಿ, ಮೂತಿ ಕೆಳಗೆ ಮಾಡಿ ಬಿಗಿದೆವು. ಹೋಸಿನೊಳಗೆ ಸೇರುವ ತೇವ, ಎಣ್ಣೆಯ ಪಸೆ ಇಳಿದು ಎಂಜಿನ್ನಿಗೇ ಹಿಂದಿರುಗಬೇಕು, ಸೆನ್ಸಾರಿನಲ್ಲಿ ನಿಲ್ಲಬಾರದು. ನಮ್ಮ ಆಷಾಢದ ತೇವ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಿಜವಾದ ತಕರಾರು ಆ ತಗಡಿನ ಗೋಡೆಯದೇ. ಬಾನೆಟ್ಟಿನ ಒಳಗಿನ ತಂತಿ ಕ್ಯಾಬಿನ್ನಿಗೆ ಬರಬೇಕು. ಮೇಸ್ತ್ರಿ ಡ್ರಿಲ್ಲಿಂಗ್ ಮಿಷಿನ್ ಕೈಗೆತ್ತಿಕೊಂಡ. ನಾನು ಅವನ ಕೈ ಹಿಡಿದೆ. ಅಲ್ಲಿ ಒಂದು ಹೊಸ ತೂತು ಮಾಡಿದರೆ ಅದರ ಅಂಚಿಗೆ ತುಕ್ಕು, ಒಳಗಿನ ಕಾರ್ಪೆಟ್ಟಿನ ಕೆಳಗೆ ನೀರು, ಎರಡು ಮಳೆಗಾಲಕ್ಕೆ ಮುಗ್ಗಲು ವಾಸನೆ. ಕಂಪನಿಯವರೇ ತಂತಿಗಳ ಕಟ್ಟು ದಾಟಿಸಲು ಬಿಟ್ಟಿರುವ ರಬ್ಬರ್ ಬುಷ್ ಇದ್ದೇ ಇರುತ್ತದೆ. ಅದರ ಅಂಚಿನಲ್ಲಿ ಸೂಜಿಯಿಂದ ಜಾಗ ಮಾಡಿ ತಂತಿ ತೂರಿಸಬಹುದು. ತೂರಿಸುವುದು ಹೇಗೆ ಎಂಬುದು ಮಾತ್ರ ದೊಡ್ಡ ಪ್ರಶ್ನೆ, ಏಕೆಂದರೆ ಆಚೆ ಕಡೆ ಕೈ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ.

ಆಟೊ ಎಲೆಕ್ಟ್ರಿಷಿಯನ್ ಹುಡುಗ ಮನೆ ವೈರಿಂಗಿನವರ ಬಳಿ ಇರುವ ಸ್ಪ್ರಿಂಗ್ ತಂದ. ಗೋಡೆಯೊಳಗಿನ ಪೈಪಿನಲ್ಲಿ ತಂತಿ ಎಳೆಯಲು ಬಳಸುತ್ತಾರಲ್ಲ, ಅದೇ ಉಕ್ಕಿನದು. ಗ್ಲವ್ ಬಾಕ್ಸ್ ಬಿಚ್ಚಿಟ್ಟು, ಸೀಟನ್ನು ಹಿಂದಕ್ಕೆ ತಳ್ಳಿ, ಕಾಲುಗಳನ್ನು ಸೀಟಿನ ಬೆನ್ನಿಗೆ ಏರಿಸಿ, ತಲೆಯನ್ನು ಕಾಲಿಡುವ ಜಾಗಕ್ಕೆ ಇಳಿಸಿ, ಮೊಬೈಲಿನ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿದ. ಹೊರಗೆ ಮೇಸ್ತ್ರಿ ಬುಷ್ಷನ್ನು ಬೆರಳಿನಿಂದ ಒತ್ತಿ ಹಿಡಿದಿದ್ದ. "ಬಂತಾ ಅಣ್ಣ?" "ಇಲ್ಲ." "ಈಗ?" "ಇನ್ನೊಂಚೂರು ಮೇಲೆ." ಸ್ಪ್ರಿಂಗಿನ ತುದಿ ಒಂದು ಸಲ ಎ.ಸಿ.ಯ ಪೈಪಿನ ಪಕ್ಕ ಇಣುಕಿ ಮಾಯವಾಯಿತು. ಎಷ್ಟೋ ಹೊತ್ತಿನ ಮೇಲೆ ಸರಿಯಾದ ಜಾಗದಲ್ಲಿ ತಲೆ ಎತ್ತಿತು. ಅದರ ತುದಿಗೆ ತಂತಿಯನ್ನು ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ ಒಳಕ್ಕೆಳೆದದ್ದಷ್ಟೇ.

ಬಾನೆಟ್ಟಿನ ಒಳಗಿನ ತಂತಿಯ ಉದ್ದಕ್ಕೂ ಏಣುಗಳುಳ್ಳ ಪ್ಲಾಸ್ಟಿಕ್ ಕೊಳವೆ ಹಾಕಿಸಿದೆ. ಅಲಂಕಾರಕ್ಕಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದರೆ ಇಲಿಗಳು ಬೆಚ್ಚಗಿನ ಎಂಜಿನ್ನಿನ ಮೇಲೆ ಸಂಸಾರ ಹೂಡುತ್ತವೆ. ತಂತಿಯ ಸಿಪ್ಪೆ ಅವಕ್ಕೆ ಬಲು ಪ್ರೀತಿ. ಕೊಳವೆ ಹಾಕಿದರೆ ಕಡಿಯುವುದೇ ಇಲ್ಲವೆಂದಲ್ಲ, ಪಕ್ಕದ ತಂತಿಯನ್ನು ಕಡಿಯುತ್ತವೆ.

ವಿದ್ಯುತ್ತಿನ ಸಂಪರ್ಕ ಹೆಚ್ಚು ಹೇಳುವಂಥದ್ದಲ್ಲ. ಗೇಜಿಗೆ ಬೇಕಾದದ್ದು ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟು, ಒಳ್ಳೆಯ ಅರ್ತು, ಮತ್ತು ಹೆಡ್‌ಲೈಟ್ ಹಾಕಿದಾಗ ಬೆಳಕು ತಗ್ಗಿಸಲು ಪಾರ್ಕಿಂಗ್ ದೀಪದ ಸಾಲಿನಿಂದ ಒಂದು ತಂತಿ. ಇರುವ ತಂತಿಯ ಸಿಪ್ಪೆ ಸುಲಿದು ಸುತ್ತುವ ಅಭ್ಯಾಸ ಎಲ್ಲ ಕಡೆ ಇದೆ, ಅದಕ್ಕೆ ನಾನು ಒಪ್ಪಲಿಲ್ಲ. ಫ್ಯೂಸ್ ಪೆಟ್ಟಿಗೆಯಲ್ಲೇ ಕೂರುವ ಫ್ಯೂಸ್ ಟ್ಯಾಪ್ ಸಿಗುತ್ತದೆ, ಅದರಲ್ಲಿ ಗೇಜಿಗೆಂದೇ ಸಣ್ಣ ಫ್ಯೂಸು. ಏನಾದರೂ ಶಾರ್ಟ್ ಆದರೆ ಗೇಜು ಮಾತ್ರ ಸಾಯಬೇಕು. ಮೂರನೆಯ ತಂತಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಲೂರು, ಸಕಲೇಶಪುರದ ಕಡೆಯ ತೋಟದ ದಾರಿಗಳಲ್ಲಿ ರಾತ್ರಿ ಓಡಿಸುವವರು ಬಿಡಬಾರದು. ಬೀದಿದೀಪವಿಲ್ಲದ ಕಡೆ ಹೊಳೆಯುವ ಮೀಟರಿನ ನೆರಳು ಗಾಜಿನಲ್ಲಿ ಮೂಡಿದರೆ, ರಸ್ತೆ ಬದಿಯಲ್ಲಿ ನಿಂತ ಆನೆ ಕಾಣುವುದಿಲ್ಲ. ಅದು ಬೂದು ಬಣ್ಣದ ಪ್ರಾಣಿ, ದೀಪ ಹಾಕಿಕೊಂಡು ನಿಲ್ಲುವುದಿಲ್ಲ.

ಸ್ಟಾರ್ಟ್ ಮಾಡುವ ಮೊದಲು ಸೆನ್ಸಾರಿನ ಹೋಸಿಗೆ ಇಂಜೆಕ್ಷನ್ ಸಿರಿಂಜು ಚುಚ್ಚಿ ಹಿಂದಕ್ಕೆ ಎಳೆದು ಹಿಡಿದೆ. ಮುಳ್ಳು ಕೆಳಗಿಳಿದು ಅಲ್ಲೇ ನಿಂತಿತು, ಸೋರಿಕೆಯಿಲ್ಲ. ಸಿರಿಂಜು ತೆಗೆದಾಗ ಸೊನ್ನೆಗೆ ಬಂತು. ಹೋಸನ್ನು ಟಿಗೆ ಸೇರಿಸಿ ಕೀ ತಿರುಗಿಸಿದೆ. ಎಂಜಿನ್ ಹತ್ತಿದ್ದೇ ಮುಳ್ಳು ಕೆಳಕ್ಕೆ ಹೋಗಿ, ಐಡ್ಲಿಂಗ್ ಸ್ಥಿರವಾದ ಮೇಲೆ ಸೊನ್ನೆಯ ಕೆಳಗೆ 0.55ರ ಹತ್ತಿರ ನಿಂತಿತು.

ಮೇಸ್ತ್ರಿಯ ಮುಖ ಸಣ್ಣದಾಯಿತು. "ಮೀಟರು ಉಲ್ಟಾ ಹೋಗುತ್ತಿದೆ ಸಾರ್."

ಅವನ ಅನುಮಾನ ಸರಿಯಾದದ್ದೇ. ಸ್ಪ್ರೇ ಪಂಪಿನ ಮೀಟರು ಸೊನ್ನೆಯಿಂದ ಮೇಲಕ್ಕೆ ಮಾತ್ರ ಹೋಗುತ್ತದೆ, ಲಾರಿಯ ಏರ್ ಬ್ರೇಕಿನದೂ ಹಾಗೆಯೇ. ಪೆಟ್ರೋಲ್ ಎಂಜಿನ್ನಿನಲ್ಲಿ ವೇಗವನ್ನು ಹತೋಟಿಯಲ್ಲಿಡುವುದು ಗಾಳಿಯ ದಾರಿಗೆ ಅಡ್ಡ ನಿಂತ ಥ್ರಾಟಲಿನ ಬಿಲ್ಲೆ. ಕಾಲು ತೆಗೆದರೆ ಅದು ಬಹುಪಾಲು ಮುಚ್ಚುತ್ತದೆ. ಪಿಸ್ಟನ್‌ಗಳು ಮಾತ್ರ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಬಿಲ್ಲೆಯ ಈಚೆಗೆ ಒತ್ತಡ ಹೊರಗಿನದಕ್ಕಿಂತ ಇಳಿಯುತ್ತದೆ. ಡೀಸೆಲ್ಲಿನಲ್ಲಿ ಹತೋಟಿ ಸಿಂಪಡಿಸುವ ಇಂಧನದ್ದು, ಗಾಳಿಯದಲ್ಲ. ಇದನ್ನೆಲ್ಲ ಹೇಳುವ ಬದಲು ನಾನು ಕೇಳಿದ್ದು ಇಷ್ಟೇ: "ಡೀಸೆಲ್ ಗಾಡಿಯಲ್ಲಿ ಅಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪು ಏಕಿದೆ ಮೇಸ್ತ್ರಿ? ಪೆಟ್ರೋಲ್ ಗಾಡಿಗೆ ಏಕಿಲ್ಲ?"

ಒಂದು ಗಳಿಗೆ ಮುಳ್ಳನ್ನೇ ನೋಡಿದ. "ಅಂದರೆ ಇದರಲ್ಲಿ ಎಂಜಿನ್ನೇ ಪಂಪು." ಆಮೇಲೆ ತಾನೇ ಎಕ್ಸಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡತೊಡಗಿದ. ಪಕ್ಕದ ಟೈರ್ ಅಂಗಡಿಯವನನ್ನೂ ಕರೆದು ತೋರಿಸಿದ.

ನಾನು ದುಡ್ಡು ಕೊಟ್ಟದ್ದು ಸೊನ್ನೆಯ ಮೇಲಿನ ಅಂಕಿಗಳಿಗೆ. ಓಡಿಸತೊಡಗಿದ ಮೇಲೆ ತಿಳಿದದ್ದು, ಕಾರು ಬದುಕುವುದು ಸೊನ್ನೆಯ ಕೆಳಗೆ. ಕಡೂರಿನ ಕಡೆಗೆ ಐದನೇ ಗೇರಿನಲ್ಲಿ ಗಂಟೆಗೆ 60 ಕಿಲೊಮೀಟರಿನಲ್ಲಿ ಹೋದರೆ ಮುಳ್ಳು ಸೊನ್ನೆಯನ್ನು ಮುಟ್ಟುವುದೇ ಇಲ್ಲ. ಟರ್ಬೊ ತಿರುಗುತ್ತಿರುತ್ತದೆ, ಒತ್ತುವ ಕೆಲಸವಿರುವುದಿಲ್ಲ. ಎದುರಿಗೆ ಏರು ಬಂದಾಗ, ಲಾರಿ ದಾಟಿಸುವಾಗ ಮೇಲೇರಿ 0.8 ತೋರಿಸಿ ಮತ್ತೆ ಇಳಿಯುತ್ತದೆ. ಗಿರಿಯ ರಸ್ತೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ಮೂರನೇ ಗೇರಿನಲ್ಲಿ 1,800 ಆರ್‌ಪಿಎಂಗೆ ಎಳೆಸಿಕೊಂಡು ಹತ್ತುವಾಗ ಶಬ್ದ ಕಡಿಮೆ, ಎಂಜಿನ್ನು ಆರಾಮವಾಗಿದೆ ಅನಿಸುತ್ತದೆ. ಮುಳ್ಳು ಮಾತ್ರ 0.5ಕ್ಕೂ ಮೇಲಿರುತ್ತದೆ. ಎರಡನೇ ಗೇರಿಗೆ ಇಳಿಸಿದರೆ ಶಬ್ದ ಏರುತ್ತದೆ, ಅದೇ ಏರು ಅದೇ ವೇಗಕ್ಕೆ ಮುಳ್ಳು ಸೊನ್ನೆಯ ಆಸುಪಾಸಿಗೆ ಬರುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಒತ್ತಡ ಸಣ್ಣ ಟರ್ಬೊ ಎಂಜಿನ್ನುಗಳಿಗೆ ಒಳ್ಳೆಯದಲ್ಲ, ಸಿಲಿಂಡರಿನಲ್ಲಿ ಕುಟ್ಟು ಶುರುವಾಗುವುದು ಅಲ್ಲೇ. ಕಿವಿ ಹೇಳುತ್ತಿದ್ದುದು ಒಂದು, ಮುಳ್ಳು ಹೇಳುವುದು ಇನ್ನೊಂದು. ನಾನೀಗ ಮುಳ್ಳಿನ ಮಾತು ಕೇಳುತ್ತೇನೆ.

ಇಳಿಯುವಾಗಲೂ ಅಷ್ಟೆ. ಎರಡನೇ ಗೇರಿನಲ್ಲಿ ಕಾಲು ಪೂರ್ತಿ ತೆಗೆದರೆ ಮುಳ್ಳು ಐಡ್ಲಿಂಗಿಗಿಂತಲೂ ಕೆಳಗೆ ಬಿದ್ದು ಅಲ್ಲೇ ನಿಲ್ಲುತ್ತದೆ. ಆಗ ಇಂಜೆಕ್ಟರುಗಳು ಪೆಟ್ರೋಲ್ ನಿಲ್ಲಿಸಿರುತ್ತವೆ, ಕಾರಿನ ಭಾರವನ್ನು ಎಂಜಿನ್ನು ಹಿಡಿದಿರುತ್ತದೆ, ಬ್ರೇಕು ತಣ್ಣಗಿರುತ್ತದೆ. ಘಾಟಿಯಲ್ಲಿ ಮುಂದಿನ ಕಾರಿನ ಬ್ರೇಕಿನ ಸುಟ್ಟ ವಾಸನೆ ಬರುವಾಗಲೆಲ್ಲ ಅವರಿಗೂ ಒಂದು ಮುಳ್ಳಿದ್ದರೆ ಎನಿಸುತ್ತದೆ.

ಇನ್ನು ಎತ್ತರದ ವಿಷಯ. ಗೇಜಿನ ಮಾತು ನಿಜವೋ ಸುಳ್ಳೋ ನೋಡಲು ಎಂಜಿನ್ನಿನ ಮಾಹಿತಿ ಓದಲು ಕಾರಿನಲ್ಲೇ ಇರುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಡಾಂಗಲ್ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದೆ. ಅದು ತೋರಿಸುವುದು ಹೊರಗಿನ ಗಾಳಿಗೆ ಹೋಲಿಸಿದ ಒತ್ತಡವನ್ನಲ್ಲ, ಮ್ಯಾನಿಫೋಲ್ಡಿನ ಒಟ್ಟು ಒತ್ತಡವನ್ನು, ಕಿಲೊಪ್ಯಾಸ್ಕಲ್‌ಗಳಲ್ಲಿ; 100 ಕಿಲೊಪ್ಯಾಸ್ಕಲ್ ಅಂದರೆ 1 ಬಾರ್. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ. ಸಮುದ್ರದ ದಡದಲ್ಲಿ ಗಾಳಿಯ ಒತ್ತಡ 101 ಕಿಲೊಪ್ಯಾಸ್ಕಲ್. ನಮ್ಮ ಮನೆಯ ಮುಂದೆ 89. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ಒಟ್ಟು ಒತ್ತಡ 34. ಕಳೆದರೆ 55, ಮುಳ್ಳು ತೋರಿಸಿದ್ದೂ ಅದನ್ನೇ. ಕಡಲತಡಿಯ ಪಣಂಬೂರಿನ ಕಡೆ ಹೋದಾಗ ಅದೇ ಎಂಜಿನ್ನು ಅದೇ 34ರಲ್ಲಿ ಉಸಿರಾಡುತ್ತಿತ್ತು, ಮುಳ್ಳು ಮಾತ್ರ 0.67ಕ್ಕೆ ಇಳಿದಿತ್ತು. ಸೀತಾಳಯ್ಯನಗಿರಿಯ ಹತ್ತಿರ ನಿಲ್ಲಿಸಿ ನೋಡಿದರೆ 0.5ನ್ನೂ ಮುಟ್ಟಲಿಲ್ಲ. ಕರಾವಳಿಯವರ ಪುಸ್ತಕದ ಅಂಕಿ ಹಿಡಿದುಕೊಂಡು ನಮ್ಮ ಊರಿನಲ್ಲಿ ನೋಡಿದವನು ವ್ಯಾಕ್ಯೂಮ್ ಸೋರುತ್ತಿದೆ ಎಂದು ಎಂಜಿನ್ ಬಿಚ್ಚಿಸಿಬಿಡಬಹುದು.

ಬೂಸ್ಟಿನ ಕಡೆ ಲೆಕ್ಕ ತಿರುಗುಮುರುಗು. ಮಂಗಳೂರಿನ ಹೊರವಲಯದ ಹೆದ್ದಾರಿಯಲ್ಲಿ ಪೂರ್ತಿ ಒತ್ತಿದರೂ ಮುಳ್ಳು 0.7 ಚಿಲ್ಲರೆಗೆ ನಿಂತಿತು. ಮನೆಯ ಕಡೆ ಅದೇ ಕಾರು 0.8 ದಾಟುತ್ತದೆ. ಎತ್ತರಕ್ಕೆ ಬಂದರೆ ಶಕ್ತಿ ಹೆಚ್ಚುತ್ತದೆಯೇ? ಇಲ್ಲ. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಗುರಿ ಇಟ್ಟುಕೊಳ್ಳುವುದು ಒಟ್ಟು ಒತ್ತಡಕ್ಕೆ. ಹೊರಗಿನ ಗಾಳಿ 12 ಕಿಲೊಪ್ಯಾಸ್ಕಲ್ ಕಡಿಮೆಯಿದ್ದರೆ ಆ ಕೊರತೆಯನ್ನು ಟರ್ಬೊ ಹೆಚ್ಚು ತಿರುಗಿ ತುಂಬಿಕೊಡುತ್ತದೆ. ಟರ್ಬೊ ಇಲ್ಲದ ಕಾರು ನಮ್ಮ ಎತ್ತರದಲ್ಲಿ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಂಡೇ ಓಡುತ್ತದೆ. ಟರ್ಬೊ ಇರುವುದು ಕಳೆದುಕೊಳ್ಳುವುದಿಲ್ಲ, ಆದರೆ ಬೆವರು ಸುರಿಸುತ್ತದೆ. ಇನ್ನೂ ಮೇಲೆ ಹೋದರೆ ಟರ್ಬೊದ ವೇಗಕ್ಕೂ ಮಿತಿ ಇರುವುದರಿಂದ ಇಸಿಯು ತಾನೇ ಕೈ ಬಿಗಿ ಮಾಡುತ್ತದೆ. ಗಿರಿ ಹತ್ತಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಆರಿಸದೆ ಸ್ವಲ್ಪ ಹೊತ್ತು ಐಡ್ಲಿಂಗಿನಲ್ಲಿ ಬಿಡುವ ಅಭ್ಯಾಸ ನನಗೆ ಹಿಡಿದದ್ದು ಈ ಅಂಕಿಗಳನ್ನು ನೋಡಿದ ಮೇಲೆ. ಬಿಸಿ ಟರ್ಬೊದ ಬೇರಿಂಗಿನಲ್ಲಿ ಎಣ್ಣೆಯ ಹರಿವು ಒಮ್ಮೆಲೇ ನಿಂತರೆ ಅದು ಅಲ್ಲೇ ಸುಟ್ಟು ಕರಿ ಹಿಡಿಯುತ್ತದೆ.

ಟರ್ಬೊ ಮತ್ತು ಬೆಟ್ಟದ ನಂಟು ಹಳೆಯದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಎತ್ತರದಲ್ಲಿ ವಿಮಾನದ ಎಂಜಿನ್ನು ಸೊರಗುವುದಕ್ಕೆ ಮದ್ದಾಗಿ ಅದನ್ನು ಪರೀಕ್ಷಿಸಲು, 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ಒಂದು ಲಿಬರ್ಟಿ ಎಂಜಿನ್ನನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ ಹೊತ್ತೊಯ್ದ. 4,000 ಮೀಟರಿಗೂ ಎತ್ತರದ ಜಾಗ ಅದು. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕೂ ಹೆಚ್ಚು. ಕಾರುಗಳಿಗೆ ಅದು ಬಂದದ್ದು ಬಹಳ ಆಮೇಲೆ.

ಈಗ ಆಲ್ದೂರಿನ ಕಡೆಯ ಗೆಳೆಯನೊಬ್ಬ ತನ್ನ ಡೀಸೆಲ್ ಪಿಕಪ್ಪಿಗೂ ಒಂದು ಬೇಕೆಂದು ಹಿಂದೆ ಬಿದ್ದಿದ್ದಾನೆ. ಏರಿನಲ್ಲಿ ಹೊಗೆ ಜಾಸ್ತಿ, ಎಳೆತ ಕಡಿಮೆ. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ಎಲ್ಲೋ ಸೀಳಿರಬೇಕು ಎಂದು ಮೇಸ್ತ್ರಿಯ ಗುಮಾನಿ. ಅಂಥದ್ದನ್ನು ಹಿಡಿಯಲು ಗೇಜು ಒಳ್ಳೆಯ ಸಾಧನ, ಭಾರ ಹೇರಿ ಏರು ಹತ್ತಿಸಿದರೂ ಮುಳ್ಳು ಮೇಲೇಳದಿದ್ದರೆ ಗಾಳಿ ದಾರಿಯಲ್ಲೇ ಪೋಲಾಗುತ್ತಿರಬಹುದು. ಅವನಿಗೆ ಸೊನ್ನೆಯ ಕೆಳಗಿನ ಅಂಕಿಗಳು ಬೇಕಾಗಿಲ್ಲ. ಇಂಟರ್‌ಕೂಲರ್ ದಾಟಿದ ಮೇಲಿನ ಪೈಪಿನಿಂದ ಲೈನ್ ತೆಗೆದರೆ ಸಾಕು, ಅಗ್ಗದ ಮೆಕ್ಯಾನಿಕಲ್ ಗೇಜೇ ಸಾಕು ಎಂದು ಹೇಳಿದ್ದೇನೆ. ಟಿ ಮಾತ್ರ ಆಚಾರರ ಹತ್ತಿರವೇ ಮಾಡಿಸಬೇಕು. ಅವರು ಪಲ್ಪರಿನ ಕೆಲಸ ಮುಗಿಯುವ ತನಕ ಯಾರೂ ಈ ಕಡೆ ಬರಬೇಡಿ ಎಂದಿದ್ದಾರೆ.